ನಿಂತ ಮಗ್ಗ

ಬೆಟಗೇರಿಯ ನೇಕಾರರ ಓಣಿಯಲ್ಲಿ ಮಗ್ಗ ನಿಲ್ಲುವುದು ಅಮಾವಾಸ್ಯೆ ಬಂದಾಗ, ಇಲ್ಲವೇ ಯಾರಾದರೂ ಸತ್ತಾಗ. ಇಂಗ್ಲಿಷ್ ಕಲಿಯಲಿಕ್ಕೆಂದು ಮಗ್ಗ ನಿಲ್ಲಿಸಿದವನು ಅಂದಪ್ಪ ಒಬ್ಬನೇ.

ಪಾಪ, ಅದು ಶೋಕಿಗಲ್ಲ. ವಯಸ್ಸು ಮೂವತ್ತು ದಾಟಿದರೂ ಅವನಿಗೆ ಲಗ್ನವಾಗಿರಲಿಲ್ಲ. ಅಂಥವನಿಗೆ ಮುಂಡರಗಿಯ ನಿಂಗಪ್ಪ, "ಗುರುವಾರ ನಿಮ್ಮನಿಗೆ ಬರ್ತೀನಿ, ಮಗಳ ಲಗ್ನದ ಮಾತೈತಿ" ಎಂದು ಹೇಳಿಕಳಿಸಿದ್ದ. ನಿಂಗಪ್ಪ ದಿನಾ ರೇಡಿಯೋದಲ್ಲಿ ಇಂಗ್ಲಿಷ್ ವಾರ್ತೆ ಕೇಳುವ ಮನುಷ್ಯ ಎಂಬ ಸುದ್ದಿಯೂ ಜೊತೆಗೇ ಬಂತು. ಅಂದಪ್ಪ ಮೂಲೆಮನೆಯ ಇಂಗ್ಲಿಷ್ ಮಾಸ್ತರ ಇಸ್ಮಾಯಿಲಸಾಬರ ಬೆನ್ನು ಹತ್ತಿದ.

"ಒಂದ ಮಾತು ಕಲಿಸ್ರಿ ಮಾಸ್ತರ್ರ. ಆದ್ರ ಜಬರ್ದಸ್ತ್ ಇರಬೇಕು."

"ಬಾರ್ಕಿಂಗ್ ಅಪ್ ದಿ ರಾಂಗ್ ಟ್ರೀ," ಎಂದರು ಮಾಸ್ತರರು. "ಬೆಕ್ಕು ಏರಿದ್ದು ಒಂದು ಗಿಡ, ನಾಯಿ ಬೊಗಳೂದು ಇನ್ನೊಂದು ಗಿಡದ ಬುಡಕ. ಯಾರರ ತಪ್ಪು ತಿಳಕೊಂಡು ಒದ್ದಾಡಾಕತ್ತಿದ್ರ ಇದನ್ನ ಹೇಳಬೇಕು. ಸುಮ್ಮಸುಮ್ಮನ ಅನ್ನಬ್ಯಾಡ ಮತ್ತ."

ಗುರುವಾರ ಬೆಳಿಗ್ಗೆ ಅಂದಪ್ಪ ಹೊಸ ಅಂಗಿ ತೊಟ್ಟು ಮಗ್ಗಕ್ಕೆ ಕುಳಿತು ಪಾಠ ಒಪ್ಪಿಸತೊಡಗಿದ. ಲಾಳಿಯ ಸಪ್ಪಳದಲ್ಲಿ ಮಾತು ಮಧ್ಯಕ್ಕೇ ಮರೆತುಹೋಗುತ್ತಿತ್ತು. ಕೊನೆಗೆ ಮಗ್ಗ ನಿಲ್ಲಿಸಿ, ಕಣ್ಣು ಮುಚ್ಚಿ ಗುನುಗುತ್ತ ಕುಳಿತ.

ಎದುರುಮನೆಯ ಬಸವಣ್ಣೆವ್ವ ತಕ್ಷಣ ಬಂದು ಇಣುಕಿದಳು. ಅಂದಪ್ಪನ ತಾಯಿ ಸಾವಂತ್ರೆವ್ವ ಕೆಮ್ಮುತ್ತಲೇ ಅಡರಕಟ್ಟಿಯ ಮಗಳ ಮನೆಗೆ ಹೋದದ್ದು ಅವಳಿಗೆ ಗೊತ್ತಿತ್ತು. ಇಲ್ಲಿ ನೋಡಿದರೆ ಮಗ್ಗ ನಿಂತಿದೆ, ಮಗ ಕಣ್ಣು ಮುಚ್ಚಿದ್ದಾನೆ.

"ಅಯ್ಯ ಶಿವನ! ಸಾವಂತ್ರೆವ್ವ ಹೋದಳಲ್ಲೋ!"

ಆ ದನಿಗೆ ಓಣಿಯ ಮಗ್ಗಗಳೆಲ್ಲ ನಿಂತವು. ಬಾಜು ಮನೆಯ ಹರೆಯದ ಹುಡುಗ ಹುಚ್ಚೀರಪ್ಪ ಎಲ್ಲರಿಗಿಂತ ಮೊದಲು ಓಡಿಬಂದು ಚಾಪೆ ಹಾಸಿದ, ಕೊಡಗಟ್ಟಲೆ ನೀರು ತಂದಿಟ್ಟ. ಸಾವಿನ ಮನೆಯಲ್ಲಿ ಒಲೆ ಹಚ್ಚುವಂತಿಲ್ಲವೆಂದು ಯಾರೋ ರೊಟ್ಟಿ-ಝುಣಕವನ್ನೂ ತಂದರು.

"ನಮ್ಮವ್ವ ಆರಾಮ ಅದಾಳ್ರಿ!" ಎಂದು ಅಂದಪ್ಪ ಕೂಗಿದ.

"ಹೌದಪಾ, ಇನ್ನ ಆಕಿಗೆ ಆರಾಮನ" ಎಂದು ಬಸವಣ್ಣೆವ್ವ ಮೂಗು ಒರೆಸಿಕೊಂಡಳು.

ತಾಳ್ಮೆಗೆಟ್ಟ ಅಂದಪ್ಪ ಕಲಿತ ಮಾತನ್ನು ಅಂದೇಬಿಟ್ಟ. "ಯು ಆರ್ ಬಾರ್ಕಿಂಗ್ ಅಪ್ ದಿ ರಾಂಗ್ ಟ್ರೀ!" ಮಾತೇನೋ ಸಂದರ್ಭಕ್ಕೆ ಸರಿಯಾಗಿತ್ತು. ಆದರೆ ಅದನ್ನು ಬಲ್ಲ ಮಾಸ್ತರರು ಶಾಲೆಗೆ ಹೋಗಿದ್ದರು.

"ದುಃಖ ತಲಿಗೇರೇತಿ! ನೀರು ಹಾಕ್ರೋ!" ಎಂದು ಬಸವಣ್ಣೆವ್ವ ಕೂಗಿದಳು.

ಹುಚ್ಚೀರಪ್ಪ ಒಂದು ಕೊಡ ನೀರನ್ನು ಅಂದಪ್ಪನ ನೆತ್ತಿಗೆ ಸುರಿದ. ಹೊಸ ಅಂಗಿ ಮೈಗಂಟಿತು. ಸರಿಯಾಗಿ ಆಗಲೇ ಬಾಳೆಹಣ್ಣು ಹಿಡಿದು ಬಂದ ನಿಂಗಪ್ಪ, ಜನರನ್ನು ನೋಡಿ ಸದ್ದಿಲ್ಲದೆ ಒಂದು ಮೂಲೆಯಲ್ಲಿ ಕುಳಿತ. ಅವನ ಹಿಂದೆಯೇ ಚೀಲ ಹೊತ್ತು, ಬಸ್ಸಿಳಿದು ಬಂದಳು ಸಾವಂತ್ರೆವ್ವ.

"ಯಾರು ಹೋದ್ರವಾ?"

"ನಮ್ಮ ಸಾವಂತ್ರೆವ್ವ..." ಎಂದ ಬಸವಣ್ಣೆವ್ವ ಆಮೇಲೆ ತಲೆ ಎತ್ತಿದಳು. ಅವಳು ಕಿರುಚಿದ್ದು ರೈಲ್ವೆ ಸ್ಟೇಶನ್ನಿಗೂ ಕೇಳಿಸಿರಬೇಕು.

ಜನರ ಗಾಬರಿ ನಗುವಾಗಿ, ನಗು ಅಡಗಿದ ಮೇಲೆ ಅಂದಪ್ಪ ತೊಯ್ದ ಅಂಗಿ ಹಿಂಡಿಕೊಳ್ಳುತ್ತ ನಿಂಗಪ್ಪನ ಮುಂದೆ ನಿಂತ. "ತಪ್ಪು ತಿಳೀಬ್ಯಾಡ್ರಿ. ನೀವು ನೋಡಾಕ ಬಂದ ವರ ನಾನ."

ನಿಂಗಪ್ಪ ತಬ್ಬಿಬ್ಬಾದ. "ಇಲ್ಲರಿ, ಹುಚ್ಚೀರಪ್ಪನ ವಿಚಾರ ಕೇಳಾಕ ಬಂದಿದ್ದೆ. ಹುಡುಗ ಹೆಂಗ ಅಂತ ಬಾಜು ಮನ್ಯಾಗ ಕೇಳೂದು ಪದ್ಧತಿ ಅಲ್ಲೇನ್ರಿ? ಈಗ ಕೇಳೂದ ಬ್ಯಾಡಾತು. ಮಂದಿ ಕಷ್ಟಕ್ಕ ಹಿಂಗ ಓಡಿ ಬರೂ ಹುಡುಗನ್ನ ಕಣ್ಣಾರೆ ನೋಡಿದೆ."

ಇಷ್ಟು ದಿನ ತಾನು ಯಾವ ಗಿಡದ ಬುಡದಲ್ಲಿ ನಿಂತಿದ್ದೆನೆಂದು ಅಂದಪ್ಪನಿಗೆ ಈಗ ತಿಳಿಯಿತು. "ರಾಂಗ್ ಟ್ರೀ" ಎಂದು ತನಗೆ ತಾನೇ ಗೊಣಗಿಕೊಂಡ. ನಿಂಗಪ್ಪನ ಕಿವಿ ನೆಟ್ಟಗಾದವು.

"ಇಂಗ್ಲಿಷ್ ಬರ್ತೈತೇನ್ರಿ ನಿಮಗ!"

ಅಂದಪ್ಪ ಉತ್ತರಿಸುವ ಮೊದಲೇ ಸಾವಂತ್ರೆವ್ವ ಮಗನ ರಟ್ಟೆ ಹಿಡಿದು ಮಗ್ಗಕ್ಕೆ ಕೂರಿಸಿದಳು. "ಹಿಡಿ ಲಾಳಿ. ಮತ್ತ ಮಗ್ಗ ನಿಲ್ಲಿಸಿ ಇನ್ನೊಮ್ಮೆ ನನ್ನ ಸಾಯಿಸಬ್ಯಾಡ."

ಓಣಿಯ ಮಗ್ಗಗಳು ಒಂದೊಂದಾಗಿ ಶುರುವಾದವು. ಹೊರಗೆ ಕಟ್ಟೆಯ ಮೇಲೆ ನಿಂಗಪ್ಪ ಹುಚ್ಚೀರಪ್ಪನ ಹೆಗಲ ಮೇಲೆ ಕೈಯಿಟ್ಟು ಕೇಳುತ್ತಿದ್ದ: "ಹಮ್ಮಿಗಿ ಊರಾಗ ನನ್ನ ತಂಗಿ ಮಗಳೊಬ್ಬಾಕಿ ಅದಾಳ. ಈ ಅಂದಪ್ಪ ಹುಡುಗ ಹೆಂಗಪಾ?"

ಲಾಳಿ ಹಿಡಿದಿದ್ದ ಅಂದಪ್ಪ ಇದನ್ನು ಕೇಳಿದ್ದೇ ಹುರುಪಿನಿಂದ ಮಗ್ಗ ಶುರು ಮಾಡಿದ. ಹುಚ್ಚೀರಪ್ಪ ಏನೋ ಉತ್ತರ ಹೇಳುತ್ತಲೇ ಇದ್ದ, ಕೈ ಬೇರೆ ಆಡಿಸುತ್ತಿದ್ದ. ಮಗ್ಗದ ಸಪ್ಪಳದಲ್ಲಿ ಒಂದಕ್ಷರವೂ ಕೇಳಿಸಲಿಲ್ಲ. ಒಂದು ಗಳಿಗೆ ಲಾಳಿ ತಡೆದರೆ ಸಾಕಿತ್ತು.

ಆದರೆ ಎದುರಿನ ಬಾಗಿಲಲ್ಲಿ ಬಸವಣ್ಣೆವ್ವ ಅವನ ಮಗ್ಗದ ಸಪ್ಪಳಕ್ಕೇ ಕಿವಿಗೊಟ್ಟು ಕುಳಿತಿದ್ದಳು.