ಹಿಮದ ಹಲಗೆಯೂ ಸೀರೆಯ ಎರಡು ಕಿಲೋವೂ

ಖರೀದಿ ವಿಭಾಗದಲ್ಲಿ ಕೆಲಸ ಮಾಡುವವನ ಮನೆಯಲ್ಲಿ ನಗೆಪಾಟಲಿನ ಸಂಗತಿಗಳು ನಡೆಯುತ್ತಲೇ ಇರುತ್ತವೆ. ನಗುವವರು ಉಳಿದವರು, ಅವನಲ್ಲ. ಒಮಾನ್ ದೇಶದ ಸೊಹಾರಿನ ಒಂದು ಕಾರ್ಖಾನೆಗೆ ನಾನು ಇಪ್ಪತ್ತೆರಡು ವರ್ಷಗಳಿಂದ ವಾಲ್ವು, ಬೇರಿಂಗು, ಕೈಗವಸು, ಚಹಾಪುಡಿ ಎಲ್ಲವನ್ನೂ ಕೊಂಡುಕೊಡುತ್ತಾ ಬಂದಿದ್ದೇನೆ. ಮೂರು ಕೊಟೇಶನ್ ಇಲ್ಲದೆ ಒಂದು ಪೊರಕೆಯನ್ನೂ ಕೊಂಡವನಲ್ಲ. ಕಾರ್ಖಾನೆಯ ಈ ಚಾಳಿ ಮನೆಗೂ ಬಂತು. ಒಮ್ಮೆ ಇಡ್ಲಿ ಪಾತ್ರೆ ತೂತಾದಾಗ ಹೊಸದನ್ನು ಆರಿಸಲು ನನಗೆ ಐದು ವಾರ ಹಿಡಿಯಿತು. ಆ ಐದು ವಾರವೂ ನಾವು ದೋಸೆ ತಿಂದೆವು.

ಇಲ್ಲಿ ಬರೆಯುತ್ತಿರುವುದು ಒಂದೇ ಒಂದು ಖರೀದಿಯ ಕತೆ. ಮನೆಯಲ್ಲಿ ನಾವು ಆಡುವುದು ತುಳು. ನಾವಿಬ್ಬರೂ ಆಡಿದ್ದನ್ನು ನಮ್ಮ ಕಡೆಯ ಕನ್ನಡಕ್ಕೆ ಇಳಿಸಿದ್ದೇನೆ, ಅಷ್ಟೆ.

೧. ಬೇಡಿಕೆ

ನನ್ನ ಹೆಂಡತಿ ಇಲ್ಲಿಯ ಇಂಡಿಯನ್ ಶಾಲೆಯಲ್ಲಿ ಗಣಿತದ ಟೀಚರ್. ಎರಡು ವರ್ಷದ ಹಿಂದೆ ಅವಳಿಗೆ ಕ್ಯಾನ್ಸರ್ ಆಯಿತು. ಊರಿನಲ್ಲಿ ಆಪರೇಷನ್, ಮಸ್ಕತ್ತಿನಲ್ಲಿ ಕಿಮೋ. ಆ ದಿನಗಳನ್ನು ಹೆಚ್ಚು ವಿವರಿಸುವುದಿಲ್ಲ. ಮುಗಿಯಿತು, ಡಾಕ್ಟರೂ ಹಾಗೇ ಹೇಳಿದರು, ಅವಳು ಪುನಃ ಶಾಲೆಗೆ ಹೋಗತೊಡಗಿದಳು.

ಕಳೆದ ಚಳಿಗಾಲದಲ್ಲಿ ಶಾಲೆಯವರು ಮಕ್ಕಳನ್ನು ಮರಳುಗುಡ್ಡೆಗೆ ಪಿಕ್ನಿಕ್ಕಿಗೆ ಕರೆದೊಯ್ದರು. ಅಲ್ಲಿ ಮಕ್ಕಳು ಹಲಗೆಯ ಮೇಲೆ ನಿಂತು ಮರಳಿನಲ್ಲಿ ಜಾರುವುದನ್ನು ನೋಡಿ ಇವಳೂ ಜಾರಿದಳಂತೆ, ಒಮ್ಮೆಯಲ್ಲ, ಹನ್ನೊಂದು ಸಲ. ಸಂಜೆ ಮನೆಗೆ ಬಂದಾಗ ಹೊಸದಾಗಿ ಬಂದ ಗಿಡ್ಡ ಕೂದಲಿನಲ್ಲಿ ಮರಳು ತುಂಬಿತ್ತು. ಕೆಲವು ತಿಂಗಳ ಮೇಲೆ ಒಂದು ದಿನ, ಈ ವರ್ಷ ಡಿಸೆಂಬರ್ ರಜೆಯಲ್ಲಿ ನಾಲ್ಕು ಮಂದಿ ಟೀಚರುಗಳು ಕಾಶ್ಮೀರಕ್ಕೆ ಹೋಗಿ ಹಿಮದಲ್ಲಿ ಜಾರುವುದನ್ನು ಕಲಿಯುತ್ತಾರೆ, ಅದರಲ್ಲಿ ತಾನೂ ಒಬ್ಬಳು, ತನಗೊಂದು ಸ್ನೋಬೋರ್ಡ್ ಬೇಕು ಎಂದು ನೀರು ಬೇಕು ಎನ್ನುವಷ್ಟು ಸಲೀಸಾಗಿ ಹೇಳಿದಳು.

ಎರಡೂ ಪಾದಗಳನ್ನು ಒಂದೇ ಹಲಗೆಗೆ ಬಿಗಿದುಕೊಂಡು ಬೆಟ್ಟದಿಂದ ಕೆಳಗೆ ಬರುವ ಆಟ ಅದು. ಐವತ್ತು ದಾಟಿದ ಹೆಂಗಸು. ಬೇಡ ಎನ್ನಲು ಬಾಯಿ ಬರಲಿಲ್ಲ. ಕಲಿಯುವವರಿಗೆ ಅಲ್ಲಿಯೇ ಬಾಡಿಗೆಗೆ ಸಿಗುತ್ತದಲ್ಲ ಎಂದೆ.

"ಬಾಡಿಗೆ ಒಂದು ವರ್ಷಕ್ಕೆ ಸಾಕು," ಎಂದಳು. "ನನಗೆ ಹತ್ತು ವರ್ಷಕ್ಕೆ ಬೇಕು."

ನನಗೆ ಗೊತ್ತಿದ್ದ ಒಂದೇ ಉಪಾಯವೆಂದರೆ ತಡ ಮಾಡುವುದು. ಮೂರು ಕೊಟೇಶನ್ ತರಿಸಬೇಕಾಗುತ್ತದೆ ಎಂದೆ. ಅವಳು ಮೇಜಿನ ಡ್ರಾಯರಿನಿಂದ ಮೂರು ಕಾಗದ ತೆಗೆದು ನನ್ನ ಮುಂದಿಟ್ಟಳು. ಮೂರೂ ಕೊಟೇಶನ್ನುಗಳೇ. ಇಡ್ಲಿ ಪಾತ್ರೆಯಿಂದ ಅವಳು ಪಾಠ ಕಲಿತಿದ್ದಳು.

೨. ಬಾಗಿಲು

ಮೂರರಲ್ಲಿ ಒಂದು ಮಸ್ಕತ್ತಿನ ಆಟದ ಸಾಮಾನಿನ ಅಂಗಡಿಯದು. ಆಫೀಸಿನ ಕೆಲಸದ ಮೇಲೆ ಅತ್ತ ಹೋದಾಗ ಅಂಗಡಿಗೆ ನುಗ್ಗಿದೆ. ಅಲ್ಲಿಯ ಸೇಲ್ಸ್‌ಮನ್ ಕಾಶ್ಮೀರಿ. ಮರಳುನಾಡಿನಲ್ಲಿ ಟೆಂಟು, ಮೀನಿನ ಗಾಳ ಮಾರುತ್ತಾ ಕೂತಿದ್ದ ಮನುಷ್ಯ, ಹಿಮದ ಹೆಸರು ಕೇಳಿದ್ದೇ ಎದ್ದು ನಿಂತ. ನಾವು ಹಿಂದಿಯಲ್ಲಿ ಮಾತಾಡಿದೆವು.

ಹಲಗೆಗಳಲ್ಲಿ ಜಾತಿಗಳಿವೆ ಎಂದು ಅವನು ವಿವರಿಸಿದ. ಮೆತ್ತಗಿನ ಆಳ ಹಿಮಕ್ಕೆ ಒಂದು, ಹದ ಮಾಡಿದ ಇಳಿಜಾರಿಗೆ ಒಂದು, ಹಾರಿ ತಿರುಗುವ ಹುಡುಗರಿಗೆ ಇನ್ನೊಂದು. ಇವೆಲ್ಲಕ್ಕೂ ತಕ್ಕಮಟ್ಟಿಗೆ ಒದಗುವುದು ಆಲ್-ಮೌಂಟನ್, ಯಾವ ಬೆಟ್ಟಕ್ಕೂ ಆದೀತು. ಇಲ್ಲಿಯ ಮರಳುಗುಡ್ಡೆಗೂ ಆದೀತೇ ಎಂದು ಕೇಳಿದೆ. ಒಂದು ವಸ್ತುವಿನಿಂದ ಎರಡು ಕೆಲಸವಾದರೆ ಖರೀದಿಯವನಿಗೆ ಹಬ್ಬ. ಮರಳಿಗೆ ಹಾಕಿದರೆ ಅಡಿಭಾಗ ಉಜ್ಜಿಹೋಗುತ್ತದೆ, ಪಾಪ ಮಾಡಬೇಡಿ ಎಂದ. ಆಮೇಲೆ ಕ್ಯಾಟಲಾಗಿನಲ್ಲಿ ಒಂದನ್ನು ತೋರಿಸಿದ. ತುಂಬ ಬಿರುಸಲ್ಲ, ತೀರ ಮೆದುವೂ ಅಲ್ಲ, ಸವಾರರ ತಪ್ಪನ್ನು ಕ್ಷಮಿಸುವ ಹಲಗೆ ಎಂದ. ತಪ್ಪನ್ನು ಕ್ಷಮಿಸುತ್ತದೆ ಎಂದು ಇಪ್ಪತ್ತೆರಡು ವರ್ಷಗಳಲ್ಲಿ ಯಾವ ಸಪ್ಲೈಯರೂ ನನಗೆ ಭರವಸೆ ಕೊಟ್ಟಿರಲಿಲ್ಲ.

ಆದರೆ ನನ್ನ ಮನಸ್ಸಿನಲ್ಲಿದ್ದ ಪ್ರಶ್ನೆಯೇ ಬೇರೆ. ಆಚೀಚೆ ನೋಡಿ, ದನಿ ತಗ್ಗಿಸಿ, ಇವುಗಳಲ್ಲಿ ಎಲ್ಲಕ್ಕಿಂತ ಕಡಿಮೆ ಜಾರುವುದು ಯಾವುದು ಎಂದು ಕೇಳಿದೆ.

ಅವನು ಕ್ಯಾಟಲಾಗು ಮುಚ್ಚಿದ. ಆಮೇಲೆ ಬಹಳ ಮರ್ಯಾದೆಯಿಂದ, "ಸರ್, ಹಾಗಾದರೆ ನೀವು ಒಂದು ಬಾಗಿಲು ತೆಗೆದುಕೊಳ್ಳಿ," ಎಂದ.

೩. ಸೀರೆಯ ತೂಕ

ಹಲಗೆ ಅಂಗಡಿಯಲ್ಲಿರಲಿಲ್ಲ, ಹೊರದೇಶದಿಂದ ಬರಬೇಕು. ಅದಕ್ಕೊಂದು ಫಾರ್ಮ್. ಎತ್ತರ, ಬೂಟಿನ ಅಳತೆ, ಅನುಭವ ಎಲ್ಲ ತುಂಬಿಸಿದೆ. ಮುಂದಿನದು ತೂಕ. ಎಲ್ಲಕ್ಕಿಂತ ಮುಖ್ಯ ಇದೇ ಸರ್, ಇದರ ಮೇಲೆಯೇ ಹಲಗೆಯ ಉದ್ದ ನಿರ್ಧಾರವಾಗುವುದು ಎಂದು ಸೇಲ್ಸ್‌ಮನ್ ಎಚ್ಚರಿಸಿದ.

ನನ್ನ ಹೆಂಡತಿಯ ತೂಕಕ್ಕೆ ಒಂದು ಇತಿಹಾಸ ಇದೆ. ಮದುವೆಯಾಗಿ ಅವಳು ಇಲ್ಲಿಗೆ ಬಂದ ಹೊಸತರಲ್ಲಿ ವೀಸಾದ ಮೆಡಿಕಲ್ ಟೆಸ್ಟಿಗೆ ಕರೆದೊಯ್ದಿದ್ದೆ. ನರ್ಸ್ ತೂಕದ ಯಂತ್ರ ನೋಡಿ ಅಂಕಿ ಓದಿದರು. ಇವಳು ಅವರ ಪೆನ್ನಿಗೇ ಕೈ ಅಡ್ಡ ಹಿಡಿದು, ಅದರಲ್ಲಿ ಸೀರೆಯದ್ದೇ ಎರಡು ಕಿಲೋ ಇದೆ, ಕಳೆದು ಬರೆಯಿರಿ ಎಂದಳು. ಅಂದಿನಿಂದ ಎಲ್ಲಿ ತೂಕ ಕೇಳಿದರೂ ಎರಡು ಕಿಲೋ ಕಡಿತ. ಚೂಡಿದಾರ ತೊಟ್ಟರೂ ಎರಡು ಕಿಲೋ, ನೈಟಿ ಹಾಕಿದರೂ ಎರಡು ಕಿಲೋ. ಗಣಿತದ ಟೀಚರ್ ಆಗಿ ಹೀಗೆ ಮಾಡಬಹುದೇ ಎಂದರೆ, ಲೆಕ್ಕ ಗೊತ್ತಿದ್ದದ್ದಕ್ಕೇ ಕಳೆಯುವುದು ಎನ್ನುತ್ತಿದ್ದಳು.

ಕಿಮೋದ ದಿನಗಳಲ್ಲಿ ಪ್ರತಿ ಸಲ ಮೊದಲು ತೂಕ ನೋಡುತ್ತಿದ್ದರು. ಐವತ್ತೆರಡು, ನಲವತ್ತೊಂಬತ್ತು, ನಲವತ್ತಾರು. ನಾಲ್ಕನೇ ಸಲ ನಲವತ್ತಮೂರು. ನರ್ಸ್ ಗಟ್ಟಿಯಾಗಿ ಓದಿ ಬರೆದುಕೊಂಡರು. ಇವಳು ಸುಮ್ಮನೆ ಯಂತ್ರದಿಂದ ಇಳಿದಳು. ಬಟ್ಟೆಯದ್ದು ಎರಡು ಕಿಲೋ ಕಳೆಯಿರಿ ಎನ್ನಲಿಲ್ಲ. ನನಗೆ ನಿಜವಾಗಿ ಹೆದರಿಕೆಯಾದದ್ದು ಆವತ್ತು. ಮನೆಗೆ ಬಂದವನೇ ನಮ್ಮ ತೂಕದ ಯಂತ್ರವನ್ನು ಬಟ್ಟೆಯಲ್ಲಿ ಸುತ್ತಿ ಕಪಾಟಿನ ಮೇಲೆ ಹಾಕಿಬಿಟ್ಟೆ.

ಸೇಲ್ಸ್‌ಮನ್ ಕಾಯುತ್ತಿದ್ದ. ನನ್ನ ಕೈ ಯೋಚನೆ ಮಾಡದೆ ಒಂದು ಅಂಕಿ ಬರೆಯಿತು. ನಲವತ್ತಮೂರು.

ಅವನು ಅದನ್ನು ನೋಡಿ, ಮಗಳಿಗಾ ಸರ್ ಎಂದು ಕೇಳಿದ. ಹೆಂಡತಿಗೆ ಎಂದೆ. ಜಾರದ ಹಲಗೆ ಕೇಳಿದ ಗಿರಾಕಿಗೆ ಇನ್ನೇನು ಹೇಳುವುದೆಂದು ಅವನು ಫಾರ್ಮು ಎತ್ತಿಟ್ಟುಕೊಂಡ.

೪. ಪೈಪು

ಹಲಗೆ ಬರುವವರೆಗೆ ಇವಳು ಕೈಕಟ್ಟಿ ಕೂರಲಿಲ್ಲ. ಊಟಕ್ಕೆ ಕೂರುವ ಮರದ ಮಣೆಯನ್ನು ಒಂದು ತುಂಡು ಪ್ಲಾಸ್ಟಿಕ್ ಪೈಪಿನ ಮೇಲಿಟ್ಟು, ಅದರ ಮೇಲೆ ನಿಂತು, ಸಮತೋಲ ಕಲಿಯತೊಡಗಿದಳು. ದಿನಾ ಸಂಜೆ ಅಂಗಳದಲ್ಲಿ ಕೈ ಎರಡೂ ಅಗಲಿಸಿ, ಕಣ್ಣು ದೂರದಲ್ಲಿ ನೆಟ್ಟು, ಅತ್ತಿತ್ತ ವಾಲುತ್ತಾ ನಿಂತಿರುತ್ತಿದ್ದಳು.

ಪಕ್ಕದ ಮನೆಯಲ್ಲಿ ಒಬ್ಬ ಒಮಾನಿ ಅಜ್ಜಿ ಇದ್ದಾರೆ. ಇವಳ ಕಾಯಿಲೆಯ ದಿನಗಳಲ್ಲಿ ದಿನವೂ ಬಂದು ಹಣೆ ಮುಟ್ಟಿ ಹೋಗುತ್ತಿದ್ದವರು. ಒಂದು ಸಂಜೆ ಹಲ್ವದ ತಟ್ಟೆ ಹಿಡಿದು ಗೇಟಿನೊಳಗೆ ಬಂದವರು ನಮ್ಮನ್ನು ನೋಡಿ ಅಲ್ಲೇ ನಿಂತರು. ಇದು ನಮ್ಮ ಕಡೆಯ ಯಾವುದೋ ಹರಕೆ ಎಂದುಕೊಂಡಿರಬೇಕು, ಮುಗಿಯುವವರೆಗೆ ತಲೆ ತಗ್ಗಿಸಿ ಮೌನವಾಗಿ ಕಾದರು.

ಹೆಂಡತಿ ಇಳಿದು ಬಂದು ಅಜ್ಜಿಗೂ ಅಷ್ಟಿಷ್ಟು ಬರುವ ಹಿಂದಿಯಲ್ಲಿ ವಿವರಿಸಿದಳು. ಹರಕೆಯಲ್ಲ, ವ್ಯಾಯಾಮ, ಹಿಮದ ಮೇಲೆ ಜಾರಲಿಕ್ಕೆ. ಅಜ್ಜಿಗೆ ಬಹಳ ಸಂತೋಷವಾಯಿತು. ಮಾಶಾಅಲ್ಲಾ ಎನ್ನುತ್ತಾ ಇವಳ ಕೆನ್ನೆ ಸವರಿದರು. ಆಮೇಲೆ ಅವರ ನೋಟ ನನ್ನ ಕಡೆ ತಿರುಗಿತು. ಇವಳು ಬಿದ್ದರೆ ಹಿಡಿಯಬೇಕೆಂದು ಹಿಂದೆ ನಿಂತಿದ್ದವನು ನಾನು. ಮಂಡಿ ಬಗ್ಗಿಸಿ, ಎರಡೂ ಕೈ ಮುಂದೆ ಚಾಚಿ, ಬೆವರುತ್ತಾ, ಅವಳು ಇಳಿದುಹೋದ ಮೇಲೂ ಹಾಗೆಯೇ ನಿಂತಿದ್ದೆ.

ಅಜ್ಜಿ ಇವಳ ಕಿವಿಯ ಹತ್ತಿರ ಬಾಗಿ, ನನಗೂ ಕೇಳುವಷ್ಟು ಗಟ್ಟಿಯಾಗಿ, "ನಿನ್ನದು ವ್ಯಾಯಾಮ, ಸರಿ. ಇವನಿಗೆ ಏನು ಕಾಯಿಲೆ?" ಎಂದರು.

೫. ವಾಪಸಾತಿಗೆ ಕಾರಣ

ನವೆಂಬರ್ ಕೊನೆಗೆ ಉದ್ದನೆಯ ಪೆಟ್ಟಿಗೆ ಬಂತು. ಇವಳು ಕತ್ತರಿ ಹಿಡಿದು ಮಕ್ಕಳ ಹಾಗೆ ಬಿಚ್ಚಿದಳು. ನೀಲಿ ಬಣ್ಣದ ಚಂದದ ಹಲಗೆ. ನೆಲಕ್ಕೆ ಊರಿ ನಿಲ್ಲಿಸಿದರೆ ಗದ್ದಕ್ಕೂ ಮೂಗಿಗೂ ನಡುವೆ ಬರಬೇಕು ಎಂದು ಸೇಲ್ಸ್‌ಮನ್ ಹೇಳಿದ್ದ. ಇವಳು ನಿಲ್ಲಿಸಿ ನೋಡಿದಳು. ಹಲಗೆ ಭುಜದ ಹತ್ತಿರವೇ ಮುಗಿದುಹೋಯಿತು.

ನಾನು ಅಂಗಡಿಯವರನ್ನು ಬೈಯತೊಡಗಿದೆ. ತಪ್ಪು ಮಾಲು ಕಳಿಸುವುದು ಇವರ ಹಳೇ ಚಾಳಿ, ಇವತ್ತೇ ಖಡಕ್ಕಾಗಿ ಪತ್ರ ಬರೆಯುತ್ತೇನೆ ಎಂದು ಕನ್ನಡಕ ಹುಡುಕುತ್ತಿದ್ದೆ. ಅಷ್ಟರಲ್ಲಿ ಅವಳು ಪೆಟ್ಟಿಗೆಯೊಳಗಿನ ಕಾಗದ ತೆಗೆದು ಓದಿದಳು. ನನ್ನದೇ ಅಕ್ಷರದ ಫಾರ್ಮಿನ ಪ್ರತಿ. ಓದಿ, ಹಲಗೆಯನ್ನು ಗೋಡೆಗೊರಗಿಸಿ, ನೆಲದ ಮೇಲೆ ಕೂತಳು.

"ಇದು ನಾಲ್ಕನೇ ಕಿಮೋದ ದಿನದ ತೂಕ," ಎಂದಳು. ನಾನು ಕನ್ನಡಕ ಹುಡುಕುವುದನ್ನು ನಿಲ್ಲಿಸಿದೆ.

"ನಾನು ಆ ವಾರ್ಡಿನಿಂದ ಹೊರಗೆ ಬಂದು ಒಂದೂವರೆ ವರ್ಷ ಆಯ್ತು ಮಾರಾಯ್ರೆ. ನೀವಿನ್ನೂ ಬರ್ಲಿಲ್ಲ."

ನಾನೂ ಅವಳ ಪಕ್ಕದಲ್ಲಿ ಕೂತೆ. ಹೆದರಿಕೆಯಾಗುತ್ತದೆ ಎಂದು ಮೊದಲ ಬಾರಿಗೆ ಅವಳೆದುರು ಬಾಯಿ ಬಿಟ್ಟು ಹೇಳಿದೆ. ಅಳುವೂ ಬಂತು, ತಡೆಯಲಿಲ್ಲ. ಅವಳು ನನ್ನ ಬೆನ್ನಿನ ಮೇಲೆ ಕೈಯಿಟ್ಟಳು.

"ನನಗೂ ಹೆದರಿಕೆ ಉಂಟು. ಆದ್ರೆ ಈಗ ಬೀಳುವ ಹೆದರಿಕೆ. ಬಿದ್ರೆ ಏಳ್ಬಹುದಲ್ಲ."

ಸ್ವಲ್ಪ ಹೊತ್ತಿನ ಮೇಲೆ ಬದಲಾವಣೆಯ ಫಾರ್ಮ್ ಹಿಡಿದು ಕೂತೆವು. ಮೇಲೆ ವಾಪಸಾತಿಗೆ ಕಾರಣ, ಕೆಳಗೆ ಹೊಸ ಅಳತೆ. ಕಾರಣ ಏನು ಬರೆಯುವುದೆಂದು ತೋಚದೆ ಅದನ್ನು ಖಾಲಿ ಬಿಟ್ಟೆ. ತೂಕ ನಾನೇ ಬರೆಯುತ್ತೇನೆ ಎಂದು ಅವಳು ಎದ್ದಳು. ಕುರ್ಚಿ ಹತ್ತಿ ಕಪಾಟಿನ ಮೇಲಿನ ಯಂತ್ರ ಇಳಿಸಿ, ಧೂಳು ಒರೆಸಿ, ಮೇಲೆ ನಿಂತಳು. ನಾನು ಕಣ್ಣು ಮುಚ್ಚಿಕೊಂಡಿದ್ದೆ. ನೋಡಿ ಎಂದಳು. ನೋಡಿದೆ. ಐವತ್ತೇಳು.

ಅವಳು ಇಳಿದು ಬಂದು, ಪೆನ್ನು ತೆಗೆದುಕೊಂಡು, ದುಂಡಗಿನ ಟೀಚರ್ ಅಕ್ಷರದಲ್ಲಿ ಬರೆದಳು. ಐವತ್ತೈದು.

ನಾನು ಅವಳ ಮುಖ ನೋಡಿದೆ. ತೆಳ್ಳಗಿನ ಹತ್ತಿ ಚೂಡಿದಾರ ತೊಟ್ಟಿದ್ದಳು. ಫಾರ್ಮಿನಿಂದ ತಲೆ ಎತ್ತದೆ, "ಬಟ್ಟೆಯದ್ದು ಎರಡು ಕಿಲೋ," ಎಂದಳು.

ನಾನು ತಿದ್ದಲಿಲ್ಲ. ಅಷ್ಟು ತಪ್ಪನ್ನು ಆ ಹಲಗೆ ಕ್ಷಮಿಸುತ್ತದೆ. ಪೆನ್ನು ಇಸಿದುಕೊಂಡು ಖಾಲಿ ಬಿಟ್ಟಿದ್ದ ಜಾಗವನ್ನು ತುಂಬಿಸಿದೆ. ವಾಪಸಾತಿಗೆ ಕಾರಣ: ಬಳಸುವವರು ಪೂರ್ತಿ ಗುಣವಾಗಿದ್ದಾರೆ.