ತಕರಾರಿದ್ದವರು ಮಾತ್ರ ಓದುತ್ತಾರೆ

ಕಾಲೇಜಿನ ಹುಡುಗರು ಪಠ್ಯಪುಸ್ತಕ ಓದುವುದಿಲ್ಲ ಎಂದು ಎಲ್ಲರೂ ಹೇಳುತ್ತಾರೆ. ಅದು ಪೂರ್ತಿ ನಿಜವಲ್ಲ. ತಕರಾರಿದ್ದವರು ಓದುತ್ತಾರೆ. ಅದೂ ಎಂಥ ಓದು ಅಂತೀರಿ! ಒಂದೊಂದು ಸಾಲಿಗೂ ಬೆರಳಿಟ್ಟು ಓದುತ್ತಾರೆ. ಹದಿನೆಂಟು ವರ್ಷದಿಂದ ಬೀದರ ಜಿಲ್ಲೆಯ ಕಾಲೇಜುಗಳಲ್ಲಿ ಕನ್ನಡ ಕಲಿಸುತ್ತಿದ್ದೇನೆ, ಯಾವ ವರ್ಷವೂ ಇದು ತಪ್ಪಿಲ್ಲ. ಯಾವುದೋ ಒಂದು ಪಾಠ ಯಾರದೋ ದೇವರಿಗೆ ತಾಗುತ್ತದೆ, ಆ ದೇವರ ಕಡೆಯವರು ಸ್ಟಾಫ್ ರೂಮಿಗೆ ಬರುತ್ತಾರೆ.

ಉಳಿದ ಮಾಸ್ತರರಿಗೆ ಇದೊಂದು ತಲೆನೋವು. ನನಗೆ ಹಾಗಲ್ಲ. ನಾನು ಒಬ್ಬಳೇ ಇರುವವಳು. ಮದುವೆ ಆಗಲಿಲ್ಲ, ಅದಕ್ಕೊಂದು ಕಾರಣವಿತ್ತು, ಈಗ ಅದೂ ಸರಿಯಾಗಿ ನೆನಪಿಲ್ಲ. ಈಗ ಬೀದರಿನ ಮೈಲೂರಿನಲ್ಲಿ ಮಾಳಿಗೆಯ ಮೇಲೆ ಎರಡು ಕೋಣೆ. ರವಿವಾರ ಬಂತೆಂದರೆ ಶನಿವಾರ ಸಂಜೆ ಆಡಿದ ಮಾತಿನ ಮೇಲೆ ಸೋಮವಾರದವರೆಗೆ ಇರಬೇಕು. ಒಳ್ಳೆಯ ಕಥೆಯೊಂದನ್ನು ಓದಿ ಮುಗಿಸಿದಾಗ ಅದರ ಬಗ್ಗೆ ಇನ್ನೊಬ್ಬರ ಹತ್ತಿರ ಅರ್ಧ ತಾಸು ಮಾತಾಡಬೇಕು ಅನ್ನಿಸುತ್ತದೆ. ನನ್ನ ಆಸೆ ಇಷ್ಟೇ, ಆದರೆ ಇದೇ ಸಿಗುವುದಿಲ್ಲ. ಹುಡುಗರು ಗೈಡ್ ಓದುತ್ತಾರೆ, ಜೊತೆಯ ಮಾಸ್ತರರು ಮೊಬೈಲ್ ಓದುತ್ತಾರೆ. ಹೀಗಾಗಿ ತಕರಾರು ತಂದವರನ್ನು ನಾನು ಚಹಾ ಕೊಟ್ಟು ಕೂಡಿಸುತ್ತೇನೆ.

ಭಾಲ್ಕಿಯ ಆಯಿ

ನೌಕರಿಯ ಮೊದಲ ಊರು ಭಾಲ್ಕಿ. ಆ ವರ್ಷದ ಪುಸ್ತಕದಲ್ಲಿ ಒಂದು ಎಮ್ಮೆಯ ಕಥೆಯಿತ್ತು. ಎಮ್ಮೆಯ ಹೆಸರು ಲಕ್ಷ್ಮಿ. ಹಿಂದಿನ ಬೆಂಚಿನ ಒಬ್ಬನನ್ನು ಗಟ್ಟಿಯಾಗಿ ಓದಲು ಎಬ್ಬಿಸಿದರೆ ಅವನು ಪುಸ್ತಕ ಮುಚ್ಚಿ ನಿಂತ.

“ನಾ ಓದಂಗಿಲ್ರಿ ಮೇಡಂ. ದೇವ್ರ ಹೆಸರು ಎಮ್ಮಿಗಿ ಇಟ್ಟಾರ. ನಮ್ಮ ಆಯಿಗಿ ಗೊತ್ತಾದ್ರ ಮನ್ಯಾಗ ಕೂಳ ಹಾಕೂದಿಲ್ಲ.”

ಆಯಿಗೆ ಅದೇ ದಿನ ಗೊತ್ತಾಯಿತು. ಮರುದಿನ ಕೋಲು ಊರಿಕೊಂಡು ಅವನ ಅಜ್ಜಿ ಸ್ಟಾಫ್ ರೂಮಿಗೆ ಬಂದರು. ಹೊಸ ನೌಕರಿ, ನಾನು ಗಡಬಡಿಸಿ ಕುರ್ಚಿ ಎಳೆದುಕೊಟ್ಟೆ. ಅವರು ಕೂತು, ಸೆರಗಿನಿಂದ ಮುಖ ಒರೆಸಿಕೊಂಡು, “ಏನ್ ಬರದಾರ ಪೂರಾ ಓದಿ ಹೇಳವ್ವ” ಅಂದರು. ನಾನು ಓದಿದೆ. ನಡುವೆ ಗಂಟೆ ಹೊಡೆಯಿತು, ಅವರು ಏಳಲಿಲ್ಲ. ನಾನೂ ಏಳಲಿಲ್ಲ. ಕಥೆ ಮುಗಿದಾಗ ಮೆಲ್ಲಗೆ ಕೇಳಿದೆ:

“ಆಯಿ, ನಿಮ್ಮ ಮನಿ ಎಮ್ಮಿ ಹೆಸರು ಏನ್ರಿ?”

“ಲಕ್ಷ್ಮೀ.”

“ಮತ್ತ?”

“ಮತ್ತೇನ್ ಮತ್ತ? ನಮ್ಮ ಲಕ್ಷ್ಮೀ ಹಾಲು ಕೊಡ್ತಾಳ. ನಿಮ್ಮ ಪುಸ್ತಕದಾಕಿ ಒದೀತಾಳ. ಒದಿಯೂದು ಬಿಡಸ್ರಿ, ಹೆಸರು ಇರ್ಲಿ.”

ಔರಾದದ ಮಾಳ

ಔರಾದಕ್ಕೆ ವರ್ಗವಾದಾಗ ಅಲ್ಲಿ ನನಗೆ ಗೊತ್ತಿದ್ದವರು ಒಬ್ಬರೂ ಇರಲಿಲ್ಲ. ಅರ್ಧ ಊರು ಮರಾಠಿ ಮಾತಾಡುತ್ತಿತ್ತು, ನನ್ನ ಮರಾಠಿ ಕಾಯಿಪಲ್ಲೆ ತರುವಷ್ಟಕ್ಕೆ ಮುಗಿಯುತ್ತಿತ್ತು. ಕ್ಲಾಸಿನಲ್ಲಿ ಒಬ್ಬ ಹುಡುಗ ಪಂಢರಪುರಕ್ಕೆ ನಡೆದುಹೋಗುವವರು ಕೊರಳಿಗೆ ಹಾಕುವ ತುಳಸಿಮಣಿಯ ಮಾಳ ಹಾಕಿಕೊಂಡು ಬಂದ. ಪಾಠ ಒಬ್ಬ ಟಾಂಗಾದ ಮುದುಕನದು. ಊರಿಗೆ ಆಟೋ ಬಂದ ಮೇಲೆ ಅವನ ಟಾಂಗಾಕ್ಕೆ ಯಾರೂ ಹತ್ತುವುದಿಲ್ಲ. ಒಂದು ದಿನ ಲಗಾಮು ಹಿಡಿದುಕೊಂಡೇ ತೀರಿಕೊಳ್ಳುತ್ತಾನೆ.

ಹುಡುಗ ಎದ್ದು ನಿಂತು ಕೈ ಮುಗಿದ. “ಮಾಳ ಹಾಕಿದವ್ರು ಸುಳ್ಳು ಹೇಳಬಾರದ್ರಿ, ಕೇಳಬಾರದ್ರಿ. ಕಥಿ ಅಂದ್ರ ಸುಳ್ಳಲ್ಲೇನ್ರಿ ಮೇಡಂ?”

ಸಾಹಿತ್ಯದಲ್ಲಿ ಎಂ.ಎ. ಮಾಡಿದವಳು ನಾನು. ಅವನಿಗೇ ತಿರುಗಿ ಪ್ರಶ್ನೆ ಹಾಕಿದೆ.

“ಹಂಗಾರ ಪರೀಕ್ಷಾದಾಗ ಏನ್ ಬರೀತಿ?”

“ವಿಚಾರ ಮಾಡ್ತೇನ್ರಿ.”

ವಿಚಾರ ಮಾಡಿಯೇ ಬರೆದ. ಉಳಿದವರ ಉತ್ತರ ಗೈಡಿನಿಂದ ಎತ್ತಿದ ಅರ್ಧ ಪುಟ, ಇವನದು ನಾಲ್ಕು ಪುಟ. ಪ್ರತಿ ವಾಕ್ಯದ ಮೊದಲಿಗೆ ‘ಪುಸ್ತಕದವರು ಹೇಳುವ ಪ್ರಕಾರ’. ಪುಸ್ತಕದವರು ಹೇಳುವ ಪ್ರಕಾರ ಮುದುಕನು ಬಡವನು. ಪುಸ್ತಕದವರು ಹೇಳುವ ಪ್ರಕಾರ ಕುದುರೆಯು ಬಿಳಿಯದು. ಪೊಲೀಸರು ಪಂಚನಾಮೆ ಬರೆದಂತಿತ್ತು. ಆದರೆ ಮುದುಕ ಸಾಯುವ ಕಡೆ ಬಂದಾಗ ಆ ಮಾತು ಇರಲಿಲ್ಲ. ‘ಮುದುಕನು ಸತ್ತನು’ ಎಂದಷ್ಟೇ ಇತ್ತು. ಕರೆದು ಕೇಳಿದೆ. ಅವನು ಚಪ್ಪಲಿ ನೋಡುತ್ತ ನಿಂತ.

“ಅದೊಂದು ಖರೇ ಇರಬೇಕ್ರಿ ಮೇಡಂ. ನನಗ ಅಳು ಬಂತು. ಸುಳ್ಳಿಗಿ ಯಾರರ ಅಳ್ತಾರೇನ್ರಿ?”

ಆ ಊರಿನಲ್ಲಿ ಆ ಮುದುಕನಿಗಾಗಿ ಅತ್ತವರು ನಾವಿಬ್ಬರೇ. ಹೋಗಪ್ಪಾ ಎಂದು ಕಳಿಸಿದೆ. ಬಾಗಿಲವರೆಗೆ ಹೋದವನು ತಿರುಗಿ ಬಂದ.

“ಕುದುರಿ ಬಣ್ಣದ್ದು ಮಾತ್ರ ನನಗ ಇನ್ನೂ ಗ್ಯಾರಂಟಿ ಇಲ್ರಿ.”

ಯಾರೂ ಕೇಳದ ಊಟ

ಬೀದರಿಗೆ ಬಂದ ಮೇಲೆ ಒಂದು ವರ್ಷ ಮದುವೆ ಊಟದ ಪಾಠ ಬಂತು. ಆರು ಪುಟ ಬರೀ ಹೋಳಿಗೆ, ತುಪ್ಪ, ಬುಂದಿ. ಶುರು ಮಾಡಿದ ದಿನ ಶಿವರಾತ್ರಿ ಹತ್ತಿರ. “ಉಪವಾಸ ಅದರಿ ಮೇಡಂ, ಮುಂದ ಮಾಡ್ರಿ” ಎಂದು ಮುಂದಿನ ಬೆಂಚಿನವರು. ಆಯಿತೆಂದೆ. ಎರಡು ಮೂರು ದಿನಕ್ಕೆ ರಂಜಾನ್ ಶುರುವಾಯಿತು. “ರೋಜಾ ಇಟ್ಟು ಆರು ಪೇಜ್ ತುಪ್ಪ ಹ್ಯಾಂಗ್ ಕೇಳಬೇಕ್ರಿ?” ಎಂದು ಕಿಟಕಿ ಕಡೆಯ ಹುಡುಗಿಯರು. ಅದೂ ಆಯಿತೆಂದೆ. ಯುಗಾದಿ, ಈದ್ ಒಂದರ ಹಿಂದೊಂದು ಬಂದು ಹೋದವು. ಈಗಾದರೂ ಮಾಡೋಣವೆಂದು ಪುಸ್ತಕ ತೆಗೆದರೆ ಇಡೀ ಕ್ಲಾಸು ಹೊಟ್ಟೆ ಹಿಡಿದುಕೊಂಡಿತು. “ತಿಂದು ತಿಂದು ಸಾಕಾಗೇದರಿ, ಊಟದ ಮಾತು ತೆಗೀಬ್ಯಾಡ್ರಿ!”

ಒಂದೇ ಬೆಂಚಿನ ಇಬ್ಬರು ಹುಡುಗಿಯರು ನನಗೆ ಡಬ್ಬಿ ತಂದಿದ್ದರು, ಒಬ್ಬಳು ಹೋಳಿಗೆ, ಒಬ್ಬಳು ಶಾವಿಗೆಯ ಶೀರ್ ಖುರ್ಮಾ. ಮನೆಗೆ ಹೋಗಿ ಎರಡನ್ನೂ ತಿನ್ನುತ್ತ ಆ ಪಾಠವನ್ನು ನನಗೆ ನಾನೇ ಗಟ್ಟಿಯಾಗಿ ಓದಿಕೊಂಡೆ. ಹಬ್ಬದ ಊಟ ಒಬ್ಬಳೇ ಉಣ್ಣುವುದು ಬಹಳ ಕಷ್ಟ.

ಪರೀಕ್ಷೆಯಲ್ಲಿ ಸರಿಯಾಗಿ ಅದೇ ಪ್ರಶ್ನೆ ಬಂತು: ಮದುವೆ ಊಟವನ್ನು ವರ್ಣಿಸಿರಿ. ಪಾಠದಲ್ಲಿದ್ದದ್ದು ಶಾಸ್ತ್ರಿಗಳ ಮನೆಯ ಮದುವೆ. ಉತ್ತರಪತ್ರಿಕೆಗಳಲ್ಲಿ ಹನ್ನೆರಡು ಮಂದಿ ಅಲ್ಲಿ ಬಿರಿಯಾನಿ ಬಡಿಸಿದ್ದರು, ಅವರಲ್ಲಿ ಇಬ್ಬರಂತೂ ಶಾಸ್ತ್ರಿಗಳಿಗೇ ಎರಡನೇ ಸಲ ಹಾಕಿದ್ದರು.

ಮೂರು ಪೆನ್ಸಿಲ್

ಇದು ಹೋದ ವರ್ಷದ್ದು. ಪುಸ್ತಕದಲ್ಲಿ ನಾನು ವರ್ಷವಿಡೀ ಕಾಯುವ ಒಂದು ಪಾಠವಿದೆ. ಒಬ್ಬ ಮುದುಕಿಯ ಮೂಗಿನ ನತ್ತು ಕಳೆಯುತ್ತದೆ. ಸತ್ತ ಗಂಡ ಕೊಟ್ಟ ನತ್ತು. ಅವಳು ಊರಿನ ಎಲ್ಲ ದೇವರ ಹತ್ತಿರ ಹೋಗಿ ಜಗಳ ತೆಗೆಯುತ್ತಾಳೆ. ಶಿವನ ಗುಡಿಯಲ್ಲಿ, “ಮೂರು ಕಣ್ಣಿಟ್ಟುಕೊಂಡು ಒಂದು ನತ್ತು ಕಾಣಲಿಲ್ಲೇನು ನಿನಗೆ?” ಅನ್ನುತ್ತಾಳೆ. ದರ್ಗಾದಲ್ಲಿ, “ಇಷ್ಟು ಚಾದರ ಹೊದ್ದು ಮಲಗಿದ್ದಿ, ನನ್ನ ಕೂಗು ಹೇಗೆ ಕೇಳೀತು?” ವಿಹಾರದಲ್ಲಿ ಬುದ್ಧನ ಮುಂದೆ, “ನೀನಂತೂ ಕಣ್ಣು ಮುಚ್ಚಿ ಕೂತಿ, ನಿನಗೇನು ಅನ್ನಲಿ.” ಕೊನೆಗೆ ನತ್ತು ಸಿಗುವುದು ಅವಳೇ ನಾದಿಟ್ಟ ಜೋಳದ ಹಿಟ್ಟಿನಲ್ಲಿ.

ಒಂದು ಬೆಳಿಗ್ಗೆ ಪ್ರಿನ್ಸಿಪಾಲರು ಕರೆಸಿದರು. ಒಳಗೆ ಮೂವರು ಕೂತಿದ್ದರು. ಒಬ್ಬರು ಅಷ್ಟೂರಿನ ಒಕ್ಕಲುತನದ ಕಾಕಾ, ಹಣೆತುಂಬ ವಿಭೂತಿ, ಮಗಳು ನನ್ನ ಕ್ಲಾಸಿನಲ್ಲಿ. ಇನ್ನೊಬ್ಬರು ಗಡಿಯಾರ ರಿಪೇರಿ ಅಂಗಡಿಯ ಸಾಹೇಬರು, ಮೊಮ್ಮಗಳು ಅದೇ ಕ್ಲಾಸು. ಮೂರನೆಯವರು ನೌಬಾದದ ನಿವೃತ್ತ ಪೋಸ್ಟ್‌ಮಾಸ್ತರರು, ಬೌದ್ಧರು, ಮಗ ಅದೇ ಕ್ಲಾಸು. ಬೇರೆ ಬೇರೆಯಾಗಿ ಬಂದಿದ್ದರೂ ಮೂವರ ಅರ್ಜಿಯೂ ಒಂದೇ: ಈ ಪಾಠದಲ್ಲಿ ಧರ್ಮಕ್ಕೆ ನೋವಾಗುವ ಮಾತುಗಳಿವೆ.

“ಮೇಡಂ, ಪಾಠಾನೇ ಬಿಟ್ಟುಬಿಡ್ರಿ” ಎಂದರು ಪ್ರಿನ್ಸಿಪಾಲರು. “ನನಗ ನಿವೃತ್ತಿಗಿ ಎಂಟು ತಿಂಗಳು ಉಳದಾವ.”

“ಬಿಡೂದಿಲ್ರಿ ಸರ್” ಎಂದೆ. “ಇದೊಂದು ಪಾಠದ ಸಲುವಾಗಿ ವರ್ಷಪೂರ್ತಿ ಕಾಯ್ತೇನಿ. ಇದೂ ಹೋದ್ರ ನನಗ ಕಲಿಸ್ಲಿಕ್ಕೆ ಮನಸ್ಸೇ ಇರೂದಿಲ್ಲ.”

ಪ್ರಿನ್ಸಿಪಾಲರು ಒಂದು ಉಪಾಯ ಮಾಡಿದರು. ಮೂವರಿಗೂ ಒಂದೊಂದು ಪುಸ್ತಕ, ಒಂದೊಂದು ಪೆನ್ಸಿಲ್. ವಾರವಿಡೀ ನಾಲ್ಕು ಗಂಟೆಗೆ ಸ್ಟಾಫ್ ರೂಮಿನಲ್ಲಿ ಕೂತು ಓದಬೇಕು, ನೋವಾಗುವ ಸಾಲು ಹೊಡೆದು ಹಾಕಬೇಕು, ಶನಿವಾರ ಪುಸ್ತಕ ಒಪ್ಪಿಸಬೇಕು. ಉಳಿದಷ್ಟು ಪಾಠ ನಾನು ಮಾಡಬೇಕು.

ಸೋಮವಾರ ಮೂವರೂ ಕೈ ಅಡ್ಡ ಇಟ್ಟುಕೊಂಡು, ಒಬ್ಬರದು ಒಬ್ಬರಿಗೆ ಕಾಣದ ಹಾಗೆ ಗೆರೆ ಎಳೆದರು. ನಾನು ಚಹಾ ತಂದಿಟ್ಟು ಮೂಲೆಯಲ್ಲಿ ಕೂತೆ. ಮಂಗಳವಾರ ಕಾಕಾ ತಡೆಯಲಾರದೆ ಬಾಯಿಬಿಟ್ಟರು.

“ಅಲ್ರಿ, ಹಿಟ್ಟು ನಾದೂವಾಗ ನತ್ತು ಕೈಗಿ ಹತ್ತೂದಿಲ್ಲೇನ್ರಿ?”

ಸಾಹೇಬರು ಗಡಿಯಾರ ನೋಡುವ ಭೂತಗನ್ನಡಿಯನ್ನು ಕಣ್ಣಿನಿಂದ ತೆಗೆದರು; ಅವರು ಅದರಿಂದಲೇ ಕನ್ನಡ ಓದುತ್ತಿದ್ದರು. “ತಪ್ಪು ಮುದುಕಿದಲ್ಲ ಕಾಕಾ. ನತ್ತಿನ ತಿರುಪು ಸಡಿಲ ಇತ್ತು. ಮಾಡಿಕೊಟ್ಟವನ ಕಾಮ್ ಖರಾಬ್.”

“ಸೊಸೀನ್ನ ಯಾರೂ ವಿಚಾರಸೂದೇ ಇಲ್ಲಲ್ರಿ” ಎಂದರು ಪೋಸ್ಟ್‌ಮಾಸ್ತರರು. “ಎರಡನೇ ಪೇಜಿನ್ಯಾಗ ಬಂದಾಳ, ಆಮ್ಯಾಗ ಪತ್ತಾನೇ ಇಲ್ಲ.”

ಎಷ್ಟೋ ವರ್ಷದಿಂದ ನಾನೂ ಆ ಸೊಸೆಯನ್ನು ಹುಡುಕುತ್ತಿದ್ದೆ! ಎದ್ದು ಅವರ ನಡುವೆ ಹೋಗಿ ಕೂತೆ. ಬುಧವಾರ ಸೊಸೆಯ ಬಗ್ಗೆ ಜಗಳವಾಯಿತು. ಗುರುವಾರ ಕಾಕಾ ಹೊಲದಿಂದ ಹಸಿ ಕಡಲೆಯ ಸುಲಗಾಯಿ ತಂದರು. ಶುಕ್ರವಾರ, ಸತ್ತ ಗಂಡ ಹೇಗಿದ್ದಿರಬಹುದು ಎಂಬ ಮಾತು ಆರು ಗಂಟೆಯಾದರೂ ಮುಗಿಯಲಿಲ್ಲ. ಆ ವಾರ ನಾನು ದಿನಾಲೂ ಬೇರೆ ಬೇರೆ ಸೀರೆ ಉಟ್ಟೆ. ನನ್ನ ನೌಕರಿಯಲ್ಲಿ ಅಂಥ ವಾರ ಇನ್ನೊಂದಿಲ್ಲ.

ಶನಿವಾರ ಪ್ರಿನ್ಸಿಪಾಲರು ಮೂರೂ ಪುಸ್ತಕ ತೆರೆದರು. ಮೂರನ್ನೂ ಸೇರಿಸಿ ನೋಡಿದರೆ ಗುಡಿ, ದರ್ಗಾ, ವಿಹಾರ, ಎಲ್ಲಕ್ಕೂ ಗೆರೆ ಬಿದ್ದಿತ್ತು. ಉಳಿದದ್ದು ಮುದುಕಿ ಮತ್ತು ಹಿಟ್ಟು. “ಚಲೋ ಆತು, ಅರ್ಧ ಪೇಜ್ ಉಳೀತು” ಎಂದು ಅವರು ಉಸಿರು ಬಿಟ್ಟರು. ನಾನು ನನ್ನ ಪುಸ್ತಕ ಮುಚ್ಚಿದೆ.

ಸಾಹೇಬರು ಕಾಕಾರ ಪುಸ್ತಕ ಎಳೆದುಕೊಂಡು ಭೂತಗನ್ನಡಿ ಹಾಕಿದರು. “ಕಾಕಾ, ದರ್ಗಾದ್ದು ನೀವ್ಯಾಕ ಹೊಡದ್ರಿ?”

“ನಿಮಗ ಬ್ಯಾಸರ ಆಗಬಾರದಂತ್ರಿ. ನಿಮ್ಮ ಮೊಮ್ಮಗಳು ನನ್ನ ಮಗಳ ಬಾಜೂಕ ಕೂಡ್ತಾಳ.”

“ನನಗ್ಯಾಕ ಬ್ಯಾಸರ? ನಮ್ಮ ಅಮ್ಮಿ ದರ್ಗಾಕ್ಕ ಹೋಗಿ ಇದಕ್ಕಿಂತ ಜೋರ್ ಬೈತಿದ್ರು! ನಾ ಗುಡೀದು ಹೊಡದದ್ದು ನಿಮ್ಮ ಸಲುವಾಗಿ.”

“ನನ್ನ ಸಲುವಾಗಿ? ನಾ ಮಳಿ ಬರದಿದ್ದಾಗ ಶಿವಗ ಏನೇನ್ ಅಂತೇನಿ ಕೇಳಿರೇನು ನೀವು?”

ಪೋಸ್ಟ್‌ಮಾಸ್ತರರು ತಮ್ಮ ಪುಸ್ತಕ ಮುಂದಿಟ್ಟರು. ಅದರಲ್ಲಿ ಗುಡಿ, ದರ್ಗಾ ಎರಡಕ್ಕೂ ಗೆರೆ, ವಿಹಾರಕ್ಕಿಲ್ಲ. “ನಾ ನಿಮ್ಮಿಬ್ಬರ ಸಲುವಾಗಿ ಹೊಡದೇನಿ. ನೀವಿಬ್ರೂ ಸೇರಿ ನಮ್ಮ ವಿಹಾರದ್ದು ಯಾಕ ಹೊಡದ್ರಿ? ಇದ್ದದ್ರಾಗ ಅದೇ ಚಲೋ ಇತ್ತು.”

ನಮ್ಮ ಬೀದರಿನವರ ಚಾಳಿಯೇ ಇದು. ತಮ್ಮ ನೋವು ಹೇಳಲು ಸಂಕೋಚ, ಪಕ್ಕದವನಿಗೆ ನೋವಾಗಿರಬಹುದೆಂದು ಜಗಳಕ್ಕೆ ತಯಾರು. ಮೂವರೂ ರಬ್ಬರ್ ಕೇಳಿ ಇಸಿದುಕೊಂಡು ಗೆರೆ ಅಳಿಸತೊಡಗಿದರು.

“ಹಂಗಾರ ತಕರಾರು ಯಾರದ್ರಿ?” ಎಂದರು ಪ್ರಿನ್ಸಿಪಾಲರು. ಮೂವರೂ ರಬ್ಬರ್ ಪುಡಿ ಊದುವುದರಲ್ಲಿದ್ದರು. “ಯಾರದೂ ಇಲ್ಲ. ಮೇಡಂ, ಪಾಠ ಪೂರಾ ಮಾಡ್ರಿ.”

ಪಾಠ ಉಳಿಯಿತು. ನಾನು ಕುಣಿಯಬೇಕಿತ್ತು. ಆದರೆ ಮೂವರೂ ಎದ್ದು ನಿಂತರು. ಶರಣು ಶರಣಾರ್ಥಿ, ಖುದಾ ಹಾಫಿಜ್, ಜೈಭೀಮ್ ಎಲ್ಲ ಮುಗಿಯಿತು. ಬರುವ ಸೋಮವಾರ ನಾಲ್ಕು ಗಂಟೆಗೆ ಸ್ಟಾಫ್ ರೂಮಿನಲ್ಲಿ ನಾನೊಬ್ಬಳೇ ಎಂದು ಹೊಳೆಯಿತು. ಬಾಯಿಂದ ತಾನಾಗಿ ಮಾತು ಬಂತು:

“ಸರ್, ನಂದೊಂದು ತಕರಾರು ಅದ.”

ಪ್ರಿನ್ಸಿಪಾಲರು ಕೂತಲ್ಲೇ ಬೆವತರು. “ನಿಮ್ದಾ? ಯಾವುದರ ಮ್ಯಾಲ?”

“ಮುಂದಿನ ಪಾಠದ ಮ್ಯಾಲ. ಧರ್ಮದ ತಕರಾರು.”

“ಅದು ಬಸ್ ಸ್ಟ್ಯಾಂಡಿನ ಪಾಠ ಅಲ್ರೀ! ಅದರಾಗ ಒಬ್ಬ ದೇವ್ರೂ ಇಲ್ಲ!”

“ಅದೇ ನನ್ನ ತಕರಾರ್ರಿ.”

ಕಾಕಾ ನನ್ನ ಮುಖ ನೋಡಿದರು, ಸಾಹೇಬರ ಮುಖ ನೋಡಿದರು. ಪೋಸ್ಟ್‌ಮಾಸ್ತರರು ಮೆಲ್ಲಗೆ ಮತ್ತೆ ಕೂತರು, ಅವರ ಹಿಂದೆ ಉಳಿದಿಬ್ಬರೂ ಕೂತರು.

“ಮೇಡಂ ಅಂದದ್ದು ಖರೇ ಅದರಿ” ಎಂದರು ಪೋಸ್ಟ್‌ಮಾಸ್ತರರು, ಪೆನ್ಸಿಲ್ ಕೈಗೆತ್ತಿಕೊಂಡು. “ಇದು ಭಾಳ ಗಂಭೀರ ವಿಷಯ. ಒಂದು ವಾರದಾಗ ಮುಗಿಯೂದಲ್ಲ. ದೇವ್ರು ಇಲ್ಲದ ಕಡಿ ದೇವ್ರನ್ನ ಹುಡುಕಬೇಕಂದ್ರ ಕಡಿಮಿ ಅಂದ್ರೂ ಒಂದು ತಿಂಗಳು ಬೇಕಾಗ್ತದ.”