ದೋಣಿ ಇಳಿಯದ ಮಾವ

ನನ್ನ ಮಾವನವರಿಗೆ ಈಜು ಬರುವುದಿಲ್ಲ. ಈ ಮಾತನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಆಮೇಲೆ ಹೇಳಿದರೆ ನೀವು ನಂಬುವುದಿಲ್ಲ. ರಾಮನಗರದ ಬಂಡೆ, ಮಾಗಡಿಯ ಬಂಡೆ, ಕನಕಪುರದ ಬಂಡೆ, ಇವುಗಳ ಮಧ್ಯೆ ಹುಟ್ಟಿ, ಹನ್ನೆರಡು ವರ್ಷ ದೋಣಿಯಲ್ಲಿ ದುಡಿದು, ಒಂದು ಕೈ ಈಜು ಕಲಿಯದೆ ವಾಪಸ್ ಬಂದ ಪುಣ್ಯಾತ್ಮ ಈ ಸೀಮೆಯಲ್ಲಿ ಇನ್ನೊಬ್ಬರಿದ್ದರೆ ತೋರಿಸಿ! ಕೇಳಿದರೆ ಅವರ ಉತ್ತರ ಸಿದ್ಧವಾಗಿರುತ್ತದೆ: "ಆ ಕಾಲ್ವೆ ಎದೆಮಟ್ಟ ಕಣವ್ವಾ. ಬಿದ್ರೆ ಈಜ್ಬಾರ್ದು, ಎದ್ದು ನಿಂತ್ಕೋಬೇಕು."

ಆ ಕಾಲುವೆ ಇರುವುದು ಇಂಗ್ಲೆಂಡಿನಲ್ಲಿ. ಸ್ವಾತಂತ್ರ್ಯ ಬಂದು ಮೂರ್ನಾಲ್ಕು ವರ್ಷಕ್ಕೆ ಚನ್ನಪಟ್ಟಣದ ಹತ್ತಿರದ ನಮ್ಮೂರಿನಿಂದ ಮಾವ ಇಂಜಿನಿಯರಿಂಗ್ ಓದಲೆಂದು ಅಲ್ಲಿಗೆ ಹೋದರು. ಬಿಳಿ ಹೆಂಡತಿಯನ್ನು ಕಟ್ಟಿಕೊಂಡು ಬಂದಾನು ಎಂಬ ಭಯಕ್ಕೆ ಹಿರಿಯರು ತರಾತುರಿಯಲ್ಲಿ ಮದುವೆ ಮಾಡಿ, ಹೆಂಡತಿಯನ್ನು ಮನೆಯಲ್ಲಿ ಉಳಿಸಿಕೊಂಡು, ಗಂಡನನ್ನು ಹಡಗು ಹತ್ತಿಸಿದರು. ದನ ದಾರಿ ತಪ್ಪದಿರಲಿ ಅಂತ ಗೂಟಕ್ಕೆ ಕಟ್ಟುತ್ತಾರಲ್ಲ, ಹಾಗೆ. ದನ ಮಾತ್ರ ಹೋಯಿತು, ಗೂಟ ಇಲ್ಲೇ ಉಳಿಯಿತು. ಆ ಗೂಟವೇ ನಮ್ಮ ಅತ್ತೆ.

ಮಾವನಿಗೆ ಓದು ಹತ್ತಲಿಲ್ಲ, ದೋಣಿ ಹತ್ತಿದರು. ಬರ್ಮಿಂಗ್‌ಹ್ಯಾಮ್ ಪಕ್ಕದ ಒಂದು ಹೊಗೆ ಹಿಡಿದ ಊರು. ಊರ ನಟ್ಟನಡುವೆ ಕಾಲುವೆ, ಕಾರ್ಖಾನೆಗಳ ಹಿತ್ತಿಲಿಗೇ ಬಂದು ನಿಲ್ಲುವ ಸಪೂರ ದೋಣಿಗಳು, ಅವುಗಳ ತುಂಬ ಕಲ್ಲಿದ್ದಲು. ಮೊದಲು ದಡದಲ್ಲಿ ನಿಂತು ಕಲ್ಲಿದ್ದಲು ತುಂಬುವ ಕೆಲಸ, ಆಮೇಲೆ ದೋಣಿಯ ಮೇಲೇ ಕೆಲಸ. ಊರಿಗೆ ಮಾತ್ರ 'ಓದು ಸಾಗಿದೆ' ಎಂಬ ಸಮಾಚಾರ. ಹೀಗೇ ವರ್ಷಗಳು ಉರುಳಿ, ಒಂದು ಚಳಿಗಾಲದಲ್ಲಿ ಕಾಲುವೆಯೆಲ್ಲ ಮಂಜುಗಡ್ಡೆ ಕಟ್ಟಿತಂತೆ. ದೋಣಿಗಳು ಇದ್ದಲ್ಲೇ ಹೂತು ನಿಂತವು, ಸರಕೆಲ್ಲ ಲಾರಿಗಳ ಪಾಲಾಯಿತು, ಗಡ್ಡೆ ಕರಗಿದ ಮೇಲೂ ತಿರುಗಿ ಬರಲಿಲ್ಲ. ಮಾವ ಬಂದರು. ಡಿಗ್ರಿ ಇಲ್ಲ, ಕೆಲಸ ಇಲ್ಲ, ಬಾಯಿ ತುಂಬ ಕಾಲುವೆ. ಅವರು ಹಡಗು ಹತ್ತಿದ ಮೇಲೆ ಹುಟ್ಟಿದ ನನ್ನ ಗಂಡ ಅಪ್ಪನ ಮುಖ ನೋಡಿದ್ದು ಮಿಡ್ಲ್ ಸ್ಕೂಲಿಗೆ ಬಂದ ಮೇಲೆ. ಲಂಡನ್ನನ್ನು ಹೋಗುವಾಗ ಒಂದು ಸಲ, ಬರುವಾಗ ಒಂದು ಸಲ ಬಿಟ್ಟರೆ ಕಂಡೇ ಇರದ ಅವರಿಗೆ ಊರಿನವರು 'ಲಂಡನ್ ಗೌಡ್ರು' ಎಂದು ಹೆಸರಿಟ್ಟರು.

ಮಾಗಡಿ ಕಡೆಯ ಗುಡೇಮಾರನಹಳ್ಳಿಗೆ ನನ್ನನ್ನು ನೋಡಲು ಇವರೆಲ್ಲ ಬಂದಾಗ ನಮ್ಮಪ್ಪ ಮರ್ಯಾದೆಗೆ ಒಂದು ಮಾತು ಕೇಳಿದರು: "ಇಂಗ್ಲೆಂಡ್ನಲ್ಲಿ ಏನ್ ಮಾಡ್ತಿದ್ರಿ ಗೌಡ್ರೆ?" ಕೇಳಬಾರದಿತ್ತು. ದೋಣಿ ಗುಡ್ಡ ಹತ್ತುವುದು ಹೇಗೆ ಎಂಬ ವಿವರಣೆ ಶುರುವಾಯಿತು. ಕಾಲುವೆಗೆ ಗುಡ್ಡ ಅಡ್ಡ ಬಂದರೆ ಅಲ್ಲೊಂದು ನೀರಿನ ಕೋಣೆ ಕಟ್ಟಿರುತ್ತಾರೆ, ಅದಕ್ಕೆ ಹಿಂದೊಂದು ಬಾಗಿಲು, ಮುಂದೊಂದು ಬಾಗಿಲು. ದೋಣಿ ಒಳಗೆ ಬಂದ ಮೇಲೆ ಹಿಂದಿನದು ಮುಚ್ಚಬೇಕು, ಮೇಲಿನ ನೀರು ಬಿಡಬೇಕು, ನೀರಿನ ಜೊತೆಗೆ ದೋಣಿ ಮೇಲೇಳುತ್ತದೆ, ಆಗ ಮುಂದಿನ ಬಾಗಿಲು ತೆಗೆಯಬೇಕು. ಬಾಯಲ್ಲಿ ಹೇಳಿದ್ದು ಸಾಲದೆ ಮಾವ ತಟ್ಟೆಗೆ ಎರಡು ವೀಳ್ಯದೆಲೆ ಅಡ್ಡ ನಿಲ್ಲಿಸಿ, ಬಾಳೆಹಣ್ಣಿನ ಸಿಪ್ಪೆ ತೇಲಿಬಿಟ್ಟು, ನಾನು ತಂದ ಕಾಫಿಯನ್ನೇ ಮೇಲಿನಿಂದ ಸುರಿದರು. ದೋಣಿ ಏಳಲಿಲ್ಲ. ಕಾಫಿ ನನ್ನ ರೇಷ್ಮೆ ಸೀರೆಯ ಮೇಲೆ ಬಂತು. ಇಷ್ಟರಲ್ಲಿ ಅತ್ತೆ ಸದ್ದಿಲ್ಲದೆ ಎದ್ದು ಅಡುಗೆಮನೆಗೆ ಹೋಗಿದ್ದರು. ಪಾಪ, ನಾಚಿಕೆಯ ಹೆಂಗಸು ಅಂದುಕೊಂಡೆ. ಅವರೆಲ್ಲ ಹೋದ ಮೇಲೆ ನಮ್ಮಪ್ಪ ತೀರ್ಪು ಕೊಟ್ಟರು: "ಹುಚ್ಚೇನಿಲ್ಲ ಬುಡು, ಒಸಿ ನೀರು ಜಾಸ್ತಿ ಆಗೈತೆ."

ಮದುವೆಯಾಗಿ ಬಂದ ಮೇಲೆ ತಿಳಿಯಿತು, ಅದು ನಾಚಿಕೆಯಲ್ಲ. ಮಾವ "ಅಲ್ಲಿ ಕಾಲ್ವೇಲಿ..." ಎಂದು ಬಾಯಿ ತೆರೆದರೆ ಸಾಕು, ಅತ್ತೆ ಎದ್ದು ಹೋಗುತ್ತಾರೆ. ಉಣ್ಣುತ್ತಿದ್ದರೆ ತಟ್ಟೆ ಸಮೇತ. ನಮ್ಮದು ರೇಷ್ಮೆ ಹುಳು ಸಾಕುವ ಮನೆ, ಎದ್ದು ಹೋಗುವವರಿಗೆ ಕೆಲಸಕ್ಕೇನು ಬರ? ಮಾವ ಗಂಡ ಅನ್ನಿಸಿಕೊಂಡು ಕಲ್ಲಿದ್ದಲು ತುಂಬುತ್ತಿದ್ದ ಹನ್ನೆರಡು ವರ್ಷವೂ ಆಕೆ ಒಬ್ಬರೇ ಸೊಪ್ಪು ಹೊತ್ತು, ಹುಳು ಮೇಯಿಸಿ, ಗೂಡು ಮಾರಿ ಮಗನನ್ನು ಬೆಳೆಸಿದವರು. ಅವರು ಎದ್ದು ಹೋದ ಕೂಡಲೇ ಮಾವನ ದನಿ ಏರುತ್ತಿತ್ತು. ಮುಂದೆ ಕೂತಿರುವವಳು ನಾನು, ಕೂಗು ಮಾತ್ರ ಹಿತ್ತಿಲಿಗೆ! ಈ ಕತೆಗಳನ್ನು ಅವರು ಬಸ್ ಕಂಡಕ್ಟರಿಗೆ ಹೇಳಿದ್ದಾರೆ, ಕ್ಷೌರದವನಿಗೆ ಹೇಳಿದ್ದಾರೆ, ಎಮ್ಮೆಗೆ ಸೂಜಿ ಹಾಕಲು ಬಂದ ಡಾಕ್ಟರಿಗೆ ಎಮ್ಮೆಯನ್ನು ಹಿಡಿದುಕೊಂಡೇ ಹೇಳಿದ್ದಾರೆ. ಊರೆಲ್ಲ ಕೇಳಿದರೂ ಅವರಿಗೆ ಸಾಲದು, ಕೇಳಬೇಕಾದ ಒಬ್ಬರು ಕೇಳುತ್ತಿರಲಿಲ್ಲ. ನಡುವೆ ಸಿಕ್ಕಿ ಕೇಳಿ ಕೇಳಿ ಸುಸ್ತಾದವಳು ಮಾತ್ರ ನಾನು.

ಕೇಳಿಸಿಕೊಂಡರೆ ಮುಗಿಯಿತೇ? ಪಾಲಿಸಲೂ ಬೇಕು. ಹುಳುವಿನ ಮನೆಗೆ ಮಾವ ಒಂದರ ಹಿಂದೊಂದು ಎರಡು ಬಾಗಿಲು ಇಡಿಸಿದ್ದರು. ಹೊರಗಿನದು ಮುಚ್ಚದೆ ಒಳಗಿನದು ತೆಗೆಯುವಂತಿಲ್ಲ, ಕಾಲುವೆಯ ಕಾನೂನು. ಒಮ್ಮೆ ಹಲಸಿನ ಹಣ್ಣು ಹೊತ್ತು ಬಂದ ನಮ್ಮಣ್ಣ ಎರಡು ಬಾಗಿಲ ಮಧ್ಯೆ ಸಿಕ್ಕಿಕೊಂಡ. ಮುಂದಿನದು ತೆಗೆಯಲು ಕೈ ಖಾಲಿಯಿಲ್ಲ, ಹಿಂದಿನದು ತೆಗೆಯಲು ಮಾವ ಬಿಡುವುದಿಲ್ಲ. "ನಿಂತ್ಕಳಪ್ಪಾ, ನೀರು ತುಂಬ್ಲಿ" ಎಂದು ಹೊರಗಿನಿಂದ ಸಮಾಧಾನ ಬೇರೆ. ಕೆಲವು ವರ್ಷದ ನಂತರ ನಮ್ಮ ಕಡೆಗೆಲ್ಲ ಊಜಿ ನೊಣದ ಕಾಟ ಬಂತು. ಹುಳುವಿನ ಮೈಮೇಲೆ ಮೊಟ್ಟೆಯಿಟ್ಟು ಬೆಳೆಯನ್ನೇ ಹಾಳು ಮಾಡುವ ನೊಣ ಅದು. ರೇಷ್ಮೆ ಇಲಾಖೆಯವರೊಬ್ಬರು ಬಂದು ನಮ್ಮ ಎರಡು ಬಾಗಿಲು ನೋಡಿ ದಂಗಾದರು. "ನೊಣ ಬರೋಕ್ಕಿಂತ ಮುಂಚೇನೇ ಈ ಉಪಾಯ ಹೆಂಗ್ ಹೊಳೀತು ಯಜಮಾನ್ರೆ?" ಎಂದರು. ಮಾವ ಗಂಟಲು ಸರಿಮಾಡಿಕೊಂಡರು. ಅಷ್ಟರಲ್ಲಿ ಅತ್ತೆ, "ನೊಣ ಇಲ್ದಿದ್ರೂ ಇವ್ರು ಬಾಗ್ಲು ಹಾಕೋರೇ ಬುಡಿ ಸ್ವಾಮಿ" ಎಂದು ಪೊರಕೆ ತಗೊಂಡು ಹೊರಟುಹೋದರು.

ಇನ್ನೊಮ್ಮೆ ಕನಕಪುರದಾಚೆ ಉಯ್ಯಂಬಳ್ಳಿಯಲ್ಲಿ ನೆಂಟರ ಮನೆ ಮದುವೆ ಮುಗಿಸಿ ಎಲ್ಲರೂ ಸಂಗಮಕ್ಕೆ ಹೋದೆವು. ಹೊಳೆ ದಾಟಲು ಹರಿಗೋಲು ಇತ್ತು. ಮಾವ ಅದರ ಸುತ್ತ ಒಂದು ಪ್ರದಕ್ಷಿಣೆ ಹಾಕಿದರು.

"ಇದ್ರ ಮುಂದ್ಗಡೆ ಯಾವ್ದಪ್ಪಾ?"

"ಎಲ್ಲಾ ಕಡೇನೂ ಮುಂದೇನೇ ಕಣ್ ಗೌಡ್ರೆ, ಹತ್ತಿ."

"ನೀರು ಎಷ್ಟು ಆಳ ಐತೆ?"

"ಅಳ್ಯಕ್ ಹೋದೋರು ಇನ್ನೂ ವಾಪಸ್ ಬಂದಿಲ್ಲ."

ಹನ್ನೆರಡು ವರ್ಷದ ದೋಣಿಗಾರರು ದಡದ ಕಲ್ಲಿನ ಮೇಲೆ ಕೂತುಬಿಟ್ಟರು. ಎದೆಮಟ್ಟಕ್ಕಿಂತ ಹೆಚ್ಚಿನ ನೀರು ಅವರ ಅನುಭವದ ವ್ಯಾಪ್ತಿಗೆ ಬರುವುದಿಲ್ಲವಲ್ಲ! ಅತ್ತೆ ಮಾತ್ರ ಸೆರಗು ಸಿಕ್ಕಿಸಿಕೊಂಡು ಹತ್ತಿ ಕೂತರು. ಹರಿಗೋಲು ಗಿರಗಿರ ತಿರುಗಿದಾಗ ನೀರಿಗೆ ಕೈ ಬಿಟ್ಟುಕೊಂಡು ಆಕೆ ನಕ್ಕದ್ದನ್ನು ಅವತ್ತೇ ನಾನು ಮೊದಲು ನೋಡಿದ್ದು. ಮಾವ ದಡದಿಂದ ನೋಡುತ್ತಲೇ ಇದ್ದರು. ವಾಪಸ್ ಬರುವಾಗ ಬಸ್ಸಿನಲ್ಲಿ ಅವರು ಕಾಲುವೆಯ ಸುದ್ದಿ ಎತ್ತಲಿಲ್ಲ, ನನಗೂ ಒಳ್ಳೆಯ ನಿದ್ದೆ ಬಂತು.

ಎಲ್ಲಕ್ಕೂ ಕಳಶವಿಟ್ಟದ್ದು ಎತ್ತಿನ ಪ್ರಸಂಗ. ನಮ್ಮ ಹಿಪ್ಪುನೇರಳೆ ತೋಟ ಇದ್ದದ್ದು ಊರಿಂದ ಆಚೆ, ಕಣ್ವ ಕೆರೆಯಿಂದ ಬರುವ ನಾಲೆಯ ಪಕ್ಕ. ಸೊಪ್ಪಿನ ಹೊರೆಯನ್ನು ಅತ್ತೆ ತಲೆಯ ಮೇಲೇ ತರುತ್ತಿದ್ದರು. ಒಂದು ದಿನ ಮಾವ ನನ್ನನ್ನು ಪಕ್ಕಕ್ಕೆ ಕರೆದು, "ನಿಮ್ಮತ್ತೆ ಕತ್ತು ತಿರುಗ್ಸಕ್ಕೂ ಆಗ್ದಂಗೆ ಹಿಡ್ಕೊಂಡೈತೆ, ನೋಡಿದ್ದೀಯಾ? ಇನ್ಮೇಲೆ ಹೊರೋದು ಬ್ಯಾಡ. ನೀರು ಹೊರ್ತದೆ. ಅಲ್ಲಿ ಒಂದು ಬಡಕಲು ಕುದುರೆ ದಡದ ಮೇಲೆ ನಡ್ಕಂಡು ಲಾರಿ ಲೋಡಿನ ದೋಣಿ ಎಳ್ಯದು" ಎಂದರು. ಬಾಳೆಯ ದಿಂಡು ಜೋಡಿಸಿ ತೆಪ್ಪ ಕಟ್ಟಿದರು, ಸೊಪ್ಪು ಹೇರಿದರು, ಹಗ್ಗ ಕಟ್ಟಿ ಎತ್ತಿನ ಕೈಗೆ, ಅಂದರೆ ಕುತ್ತಿಗೆಗೆ, ಕೊಟ್ಟರು. ಹೊರಟಿತು! ಹೇಳಬೇಕಾದ ಮಾತು ಹೇಳಬೇಕು, ಒಂದು ಫರ್ಲಾಂಗು ಚೆನ್ನಾಗಿಯೇ ಹೋಯಿತು. ಮಾವನ ಮುಖ ನೋಡಬೇಕಿತ್ತು.

ಆದರೆ ಇಂಗ್ಲೆಂಡಿನ ಕುದುರೆಗೆ ಕಾಲುವೆಯ ಪಕ್ಕ ಬತ್ತದ ಪೈರು ಸಿಗುತ್ತಿರಲಿಲ್ಲ ಅಂತ ಕಾಣುತ್ತದೆ. ನಮ್ಮ ಎತ್ತಿಗೆ ಸಿಕ್ಕಿತು. ಅದು ಸೀದಾ ಪಕ್ಕದವರ ಗದ್ದೆಗೆ ಇಳಿಯಿತು, ಹಗ್ಗ ಎಳೆಯಿತು, ತೆಪ್ಪ ಅಡ್ಡ ತಿರುಗಿ ಮೋರಿಯ ಬಾಯಿಗೆ ಬಿರಡೆಯಂತೆ ಕೂತಿತು. ಕೆಳಗಿನ ಗದ್ದೆಗಳಿಗೆ ನೀರು ನಿಂತು, ಮೇಲಿನದು ಉಕ್ಕಿ, ಜನ ಸೇರಿದರು. ನೀರು ಹಂಚುವ ನೀರುಗಂಟಿ ಓಡಿ ಬಂದ. "ಲಂಡನ್ ಗೌಡ್ರೆ, ಇದು ಗದ್ದೆಗೆ ನೀರು ಬುಡೋ ಚಾನ್ಲು. ನಿಮ್ ಗಾಡಿ ಓಡ್ಸಕ್ಕೆ ರೋಡು ಅಲ್ಲೈತೆ ನೋಡಿ" ಎಂದ. ಮಾವ ಎದೆಮಟ್ಟದ ನೀರಲ್ಲಿ ಎದ್ದು ನಿಂತೇ ಕೇಳಿಸಿಕೊಂಡರು.

ಸೊಪ್ಪೆಲ್ಲ ನೆನೆದು ತೊಪ್ಪೆಯಾಗಿತ್ತು. ನಾಲ್ಕನೇ ಸಲ ಪೊರೆ ಕಳಚಿ, ನಮ್ಮ ಮಾತಿನಲ್ಲಿ ನಾಲ್ಕನೇ ಜ್ವರ ಎದ್ದ ಹುಳು ಮನೆಯಲ್ಲಿ ಬಾಯಿ ಬಿಟ್ಟುಕೊಂಡು ಕಾಯುತ್ತಿತ್ತು. ಆ ಹಂತದಲ್ಲಿ ಅದಕ್ಕೆ ರಾಕ್ಷಸ ಹಸಿವು, ಒದ್ದೆ ಸೊಪ್ಪು ಹಾಕಿದರೆ ಕಾಯಿಲೆ ಬಂದು ಇಡೀ ಬೆಳೆ ಹೋಗುತ್ತದೆ. ಅತ್ತೆ ಹೊರೆಯನ್ನೂ ನೋಡಿದರು, ಗಂಡನನ್ನೂ ನೋಡಿದರು. ದನಿ ಏರಿಸಲಿಲ್ಲ.

"ಅಲ್ಲಿದ್ಕೊಂಡು ನನ್ ಬಾಳು ಹನ್ನೆರಡು ವರ್ಷ ನೀರಿಗೆ ಹಾಕಿದ್ದು ಸಾಲ್ನಿಲ್ಲ ಅಂತ, ಇಲ್ಲೂ ಹಾಕಕ್ ಬಂದ್ರಾ?"

ಇಷ್ಟು ವರ್ಷದಲ್ಲಿ ಆಕೆ ಆ ಕಾಲುವೆಯ ಬಗ್ಗೆ ಆಡಿದ ಮೊದಲ ಮಾತು ಅದು. ಮಾವ ಒದ್ದೆ ಪಂಚೆಯಲ್ಲೇ ಬಂದು ಜಗಲಿಯ ಮೇಲೆ ಕೂತರು. ನಾವು ಮೂವರೂ ಹಳೆಯ ಸೀರೆಯ ತುಂಡು ಹಿಡಿದು ಒಂದೊಂದೇ ಎಲೆ ಒರೆಸತೊಡಗಿದೆವು. ಒರೆಸಿದಷ್ಟೂ ಎಲೆ. ಮಧ್ಯಾಹ್ನ ಇಳಿಯಿತು, ಸೊಂಟ ಬಿತ್ತು. ಮಾವನ ಕತೆ ನಿಂತರೆ ಸಾಕು ಎಂದು ನಾನು ಎಷ್ಟು ದೇವರಿಗೆ ಹರಕೆ ಹೊತ್ತಿದ್ದೆನೋ! ಈಗ ನಿಂತಿತ್ತು. ಆ ಮನುಷ್ಯ ತಲೆ ತಗ್ಗಿಸಿಕೊಂಡು ಎಲೆ ಒರೆಸುವುದನ್ನು ನೋಡಲಾರದೆ, ಏನಾದರೂ ಹೇಳಲಪ್ಪಾ, ಬೇಕಾದರೆ ಮೊದಲಿನಿಂದ ಹೇಳಲಿ ಅನ್ನಿಸಿತು.

ಮಾತಾಡಿದವರು ಅತ್ತೆ. ಕೈಯಲ್ಲಿದ್ದ ಎಲೆಯಿಂದ ಕಣ್ಣೆತ್ತದೆ ಕೇಳಿದರು.

"ಆ ದೋಣಿಯೋರು ಹೆಂಡ್ರನ್ನ ಎಲ್ಲಿ ಬುಟ್ಟು ಹೋಗೋರು?"

ಮಾವ ತಡವರಿಸಿದರು. "ಬುಟ್ಟು ಹೋಗಕ್ಕಿಲ್ಲ. ದೋಣೀಲೇ ಇಟ್ಕೊಳ್ಳೋರು. ಹಿಂದ್ಗಡೆ ಒಂದು ಪುಟಾಣಿ ಕೋಣೆ. ಗಂಡ ಹೆಂಡ್ತಿ ಮಕ್ಳು ಎಲ್ಲಾ ಅದ್ರಲ್ಲೇ. ನಾನಿದ್ದ ದೋಣೀಲೂ ಇತ್ತು, ಅಂಥದ್ದು."

"ಒಲೆ?"

"ಒಳೀಕ್ ಇಳೀತಿದ್ದಂಗೆ ಎಡಗಡೆ."

ಅತ್ತೆ ಎರಡು ಎಲೆ ಒರೆಸಿದರು.

"ಮುದ್ದೆ ತಿರುವಕ್ಕೆ ಜಾಗ ಇತ್ತಾ?"

ಮಾವ ಎರಡೂ ಕೈ ಅಗಲಿಸಿ ಗಾಳಿಯಲ್ಲಿ ಆ ಕೋಣೆಯ ಅಗಲ ಹಿಡಿದು ನೋಡಿದರು, ಅತ್ತೆ ಕೂತಿದ್ದ ಕಡೆ ನೋಡಿದರು, ಮತ್ತೆ ಕೈ ನೋಡಿದರು. ಈ ಲೆಕ್ಕವನ್ನು ಅವರು ಅಲ್ಲಿ ಎಷ್ಟು ಸಲ ಹಾಕಿದ್ದರೋ.

"ನಿಂಗೆ ಸಾಕಾಗ್ತಿತ್ತು ಕಣೆ," ಎಂದರು. "ನೀನು ತಿರುವಿ ಮುಗ್ಸೋಗಂಟ ನಾನು ಹೊರ್ಗಡೆ ನಿಂತ್ಕತಿದ್ದೆ."

"ಮಳೆ ಬಂದಿದ್ರೆ?"

"ಬಂದಿದ್ರೂವೆ."